ನಿಲ್ದಾಣದಲ್ಲೇ ಉಳಿದವರ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲವೆ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ" ಎಂದಿದ್ದರು. ಅದನ್ನೇ ತಯಾರು ಮಾಡಿಕೊಂಡು ಬಂದಿದ್ದೆ. ಆದರೆ ನಿನ್ನೆ ಸಂಜೆ ಊರಿಗೆ ಬಂದಾಗ ನನ್ನ ತರಗತಿಯಲ್ಲೇ ಓದಿದ ಗೆಳತಿಯೊಬ್ಬರು ಸಿಕ್ಕರು. ಅವರ ಜೊತೆ ಮಾತಾಡಿದ ಮೇಲೆ ವಿಷಯ ಬದಲಾಯಿಸಿದೆ. ಸಮಿತಿಯವರು ಕ್ಷಮಿಸಬೇಕು. ಇವತ್ತು ನಾನು ಬಸ್ಸಿನ ಬಗ್ಗೆ ಮಾತಾಡುತ್ತೇನೆ. ಆ ಗೆಳತಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ.

ನಮ್ಮ ಮೇಷ್ಟ್ರಿಗೆ ನೆನಪಿರಬಹುದು, ಗಣಿತದಲ್ಲಿ ಆಕೆ ಯಾವಾಗಲೂ ನನಗಿಂತ ಮುಂದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಇಬ್ಬರಿಗೂ ಪಿಯುಸಿ ವಿಜ್ಞಾನ ಓದುವ ಆಸೆ. ಬಳ್ಳಾರಿಯಲ್ಲಿ ಸಂಬಂಧಿಕರ ಮನೆ ಇತ್ತು, ನಾನು ಅಲ್ಲಿ ಉಳಿದುಕೊಂಡೆ. ಆಕೆ ದಿನಾ ಹೋಗಿ ಬರಬೇಕಿತ್ತು. ಬೆಳಿಗ್ಗೆಯ ತೊಂದರೆ ಇರಲಿಲ್ಲ. ಸಂಜೆ ಬಳ್ಳಾರಿಯಿಂದ ಬರುವ ಬಸ್ಸು ತೋರಣಗಲ್ಲು ಮುಟ್ಟುವ ಹೊತ್ತಿಗೆ ಆಕೆಯ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಹೊರಟು ಹತ್ತು ನಿಮಿಷ ಆಗಿರುತ್ತಿತ್ತು. ಮೂರು ವಾರ ಅವರಪ್ಪ ಸೈಕಲ್ ಮೇಲೆ ಬಂದು ಕರೆದುಕೊಂಡು ಹೋದರು. ಒಂದೆರಡು ಕಡೆ ಕೇಳಿಯೂ ನೋಡಿದರು. ನಾಲ್ಕನೆಯ ವಾರ ಓದು ನಿಂತಿತು. ಹತ್ತೊಂಬತ್ತಕ್ಕೆ ಮದುವೆ. ನಾನು ಬಿ.ಇ. ಮಾಡಿದೆ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದಲ್ಲ, ಹತ್ತು ನಿಮಿಷದ್ದು.

ನಿನ್ನೆ ಆಕೆ ಹೇಳಿದ ಮಾತು ಇಷ್ಟೇ: "ಮಗಳು ಈ ವರ್ಷ ಹತ್ತನೆಯ ಕ್ಲಾಸು. ಸೈನ್ಸ್ ತಗೊಂಡು ಬಳ್ಳಾರಿಗೆ ಹೋಗ್ತೀನಿ ಅಂತಾಳೆ. ಸಂಜೆ ಬಸ್ಸಿನದೇ ಚಿಂತೆ." ಇಪ್ಪತ್ತು ವರ್ಷದ ಹಿಂದೆ ಅವರಪ್ಪ ಆಡಿದ ಮಾತೂ ಇದೇ ಆಗಿತ್ತು.

ನಮ್ಮೂರು ಹಿಂದುಳಿದ ಮೂಲೆಯಲ್ಲಿರುವ ಊರೇನಲ್ಲ. 1971ರಲ್ಲಿ ಇಂದಿರಾ ಗಾಂಧಿಯವರು ಇಲ್ಲಿಗೆ ಬಂದು ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಆ ಕನಸು ಖಾಸಗಿಯವರ ಕೈಯಲ್ಲಿ ನನಸಾಗಲು ತೊಂಬತ್ತರ ದಶಕ ಬರಬೇಕಾಯಿತು. ಇವತ್ತು ನಮಗೆ ರೈಲು ಜಂಕ್ಷನ್ ಇದೆ. ಬಾಗಿಲಲ್ಲೇ ರಾಷ್ಟ್ರೀಯ ಹೆದ್ದಾರಿ 67 ಇದೆ. ಪಕ್ಕದಲ್ಲೇ ವಿಮಾನ ನಿಲ್ದಾಣವೂ ಇದೆ. ಸಂಡೂರಿನ ಗುಡ್ಡದ ಅದಿರು ಕಾರ್ಖಾನೆಗೆ ಬರಲು ಮೈಲುಗಟ್ಟಲೆ ಉದ್ದದ ಕನ್ವೇಯರ್ ಇದೆ. ಕಲ್ಲು ತನ್ನ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಹೋಗಿ ಸೇರುತ್ತದೆ. ಕುರೆಕುಪ್ಪ, ವಡ್ಡು, ತಾಳೂರು, ಬನ್ನಿಹಟ್ಟಿ, ಸುಲ್ತಾನಪುರದ ಕಡೆಯ ಎಲ್ಲ ಮಕ್ಕಳ ಬಗ್ಗೆಯೂ ಅದೇ ಮಾತು ಹೇಳುವಂತಾಗಬೇಕು ಎಂಬುದು ನನ್ನ ಆಸೆ.

"ಈಗ ಮನೆಗೊಂದು ಗಾಡಿ ಇದೆಯಲ್ಲ, ಬಸ್ಸು ಯಾರಿಗೆ ಬೇಕು?" ಎಂದು ಕೆಲವರು ಕೇಳುತ್ತಾರೆ. ನಮ್ಮ ಕಡೆ ಗಾಡಿ ಅಂದರೆ ಬೈಕು. ಮನೆಯಲ್ಲಿ ಒಂದು ಬೈಕು ಇದ್ದರೆ ಅದು ಬೆಳಿಗ್ಗೆಯೇ ಗಂಡಸಿನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಉಳಿದವರು ಹೆಂಡತಿ, ವಯಸ್ಸಾದ ತಂದೆತಾಯಿ, ಹೈಸ್ಕೂಲಿಗೆ ಹೋಗುವ ಮಗಳು. ಇವರೆಲ್ಲ ಗಾಡಿ ಇರುವ ಮನೆಯ ಗಾಡಿ ಇಲ್ಲದವರು. ಕಾರು, ಬೈಕು ಎಷ್ಟು ಮಾರಾಟವಾದವು ಎಂಬ ಲೆಕ್ಕದಲ್ಲಿ ಇವರು ಕಾಣುವುದಿಲ್ಲ. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಬೇಕಾದ ಅಜ್ಜಿ ಮಗನಿಗೆ ವಾರದ ರಜೆ ಸಿಗುವವರೆಗೆ ನೋವು ನುಂಗಿಕೊಂಡು ಕೂರುತ್ತಾಳೆ.

ಇನ್ನು ನನ್ನ ಕೆಲಸಕ್ಕೆ ಸಂಬಂಧಿಸಿದ ಮಾತು. ನಮ್ಮ ಶಾಲೆಯ ಹಾಜರಿ ಪುಸ್ತಕ ನೆನಪು ಮಾಡಿಕೊಳ್ಳಿ. ಸೇರಿದ ಮಗು ಬರದಿದ್ದರೆ ಗೈರು ಎಂದು ಬರೆಯುತ್ತಾರೆ. ಶಾಲೆಗೆ ಸೇರದೇ ಇರುವ ಮಗುವಿಗೆ ಗೈರುಹಾಜರಿಯೂ ಇಲ್ಲ. ಬಸ್ಸಿನ ಲೆಕ್ಕವೂ ಹಾಗೆಯೇ. ಕಂಡಕ್ಟರ ಕೈಯಲ್ಲಿರುವ ಟಿಕೆಟ್ ಯಂತ್ರ ಹತ್ತಿದವರನ್ನು ಎಣಿಸುತ್ತದೆ. ಬಸ್ಸು ತುಂಬಿದೆ ಎಂದು ನಿಲ್ಲಿಸದೆ ಹೋದಾಗ ರಸ್ತೆಯಲ್ಲೇ ಉಳಿದ ಹನ್ನೆರಡು ಮಕ್ಕಳು ಅದರಲ್ಲಿ ಇಲ್ಲ. ಹತ್ತು ನಿಮಿಷದಿಂದ ಬಸ್ಸು ತಪ್ಪಿಸಿಕೊಂಡವರು ಇಲ್ಲ. ಹೇಗೂ ಬಸ್ಸಿಲ್ಲ ಎಂದು ಮನೆಯಿಂದ ಹೊರಡದೇ ಇದ್ದವರಂತೂ ಇಲ್ಲವೇ ಇಲ್ಲ. ಹೀಗಾಗಿ ಕಾಗದ ನೋಡಿದವರಿಗೆ "ಆ ಮಾರ್ಗದಲ್ಲಿ ಜನ ಇಲ್ಲ" ಎಂದೇ ಕಾಣುತ್ತದೆ. ಜನ ಇಲ್ಲದ್ದಕ್ಕೆ ಬಸ್ಸಿಲ್ಲ, ಬಸ್ಸಿಲ್ಲದ್ದಕ್ಕೆ ಜನ ಇಲ್ಲ.

ಬಸ್ಸು ಓಡಿಸುವವರ ಕಷ್ಟವನ್ನೂ ಹೇಳಬೇಕು. ಒಂದು ಮಾರ್ಗ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವ ಮುಖ್ಯ ಅಳತೆ, ಕಿಲೋಮೀಟರಿಗೆ ಎಷ್ಟು ರೂಪಾಯಿ ಬಂತು ಎಂಬುದು. ಬೆಳಿಗ್ಗೆ ಹಳ್ಳಿಯಿಂದ ಜನ ಜೋತುಬಿದ್ದು ಬರುವ ಬಸ್ಸು ಅದೇ ಹಳ್ಳಿಗೆ ವಾಪಸ್ಸು ಖಾಲಿ ಹೋಗುತ್ತದೆ. ಎರಡೂ ಕಡೆಯ ಕಿಲೋಮೀಟರ್ ಕೂಡಿ ಭಾಗಿಸಿದರೆ ತುಂಬಿದ ಬಸ್ಸೂ ನಷ್ಟದ ಬಸ್ಸಾಗುತ್ತದೆ. ಹೆದ್ದಾರಿಯಲ್ಲಿ ಹೊಸಪೇಟೆ ಬಳ್ಳಾರಿ ನಡುವೆ ಓಡುವ ಬಸ್ಸಿಗೆ ಎರಡೂ ಕಡೆ ಜನ. ಆದ್ದರಿಂದ ಬಸ್ಸುಗಳು ಹೆದ್ದಾರಿಯಲ್ಲೇ ಹೆಚ್ಚುತ್ತವೆ, ಒಳಹಳ್ಳಿ ಹಾಗೇ ಉಳಿಯುತ್ತದೆ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಅಳತೆಗೋಲು ಹಾಗಿದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ರಾಜ್ಯದ ಹೆಣ್ಣುಮಕ್ಕಳು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ದುಡ್ಡು ಕೊಡದೆ ಓಡಾಡಬಹುದು. ಇದನ್ನು ಹಗುರವಾಗಿ ಮಾತಾಡುವವರನ್ನು ನಾನು ಒಪ್ಪುವುದಿಲ್ಲ. ಗಂಡನ ಹತ್ತಿರ ಬಸ್ ಚಾರ್ಜು ಕೇಳದೆ ತವರಿಗೆ, ಆಸ್ಪತ್ರೆಗೆ, ಕೂಲಿಗೆ ಹೋಗಿ ಬರುವುದು ಏನು ಎಂದು ನಮ್ಮ ತಾಯಂದಿರನ್ನು ಕೇಳಿ. ಆ ಯೋಜನೆಯಲ್ಲಿ ಇನ್ನೊಂದು ಒಳ್ಳೆಯದಿದೆ. ಪ್ರತಿ ಹೆಣ್ಣುಮಗಳಿಗೂ ಶೂನ್ಯ ಟಿಕೆಟ್ ಕೊಡಬೇಕು, ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ಕೊಡುತ್ತದೆ. ಆದ್ದರಿಂದ ತಾಯಂದಿರೆ, ಟಿಕೆಟ್ ಕೇಳಿ ತೆಗೆದುಕೊಳ್ಳಿ. ಅದು ನೀವು ಬಸ್ಸಿನಲ್ಲಿ ಇದ್ದಿರಿ ಎಂಬುದಕ್ಕೆ ಸಾಕ್ಷಿ. ಆದರೆ ಬಸ್ಸೇ ಬರದ ಊರಿನಲ್ಲಿ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ದರ ಶೂನ್ಯವಾದರೆ ಅರ್ಧ ಕೆಲಸ ಆಯಿತು, ಬಸ್ಸು ಬಂದರೆ ಉಳಿದರ್ಧ.

ಆ ಉಳಿದರ್ಧವನ್ನು ಇಷ್ಟು ವರ್ಷ ತುಂಬಿದವರು ಟಂಟಂ ಓಡಿಸುವ ಹುಡುಗರು. ಅವರಲ್ಲಿ ನನ್ನ ಸಹಪಾಠಿಗಳೂ ಇದ್ದಾರೆ. ಜನ ತುಂಬುತ್ತಾರೆ, ಹಿಂದೆ ನಿಲ್ಲಿಸಿಕೊಂಡು ಹೋಗುತ್ತಾರೆ, ಅದು ಅಪಾಯ, ನಿಜ. ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಇನ್ನೂ ಅಪಾಯ. ಆದರೆ ಅವರನ್ನು ಬೈದು ಕಳಿಸಿದರೆ ಮರುದಿನ ಬೆಳಿಗ್ಗೆ ಮಕ್ಕಳು ನಡೆದೇ ಬರಬೇಕು. ಪಂಚಾಯಿತಿ ಕಟ್ಟೆಯಲ್ಲಿ ಕೂರಿಸಿ ಎಷ್ಟು ಜನ, ಯಾವ ಊರಿಗೆ ಎಷ್ಟು ದರ, ಶಾಲೆ ಬಿಡುವ ಹೊತ್ತಿಗೆ ಯಾರ ಪಾಳಿ ಎಂದು ಮಾತಾಡಿ ಒಂದು ಬೋರ್ಡು ಬರೆಸಬಹುದು.

ಕಾಲು ಸರಿಯಿಲ್ಲದವರ ವಿಷಯ ಬಿಡುವ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೆಯ ಕಲಮು, ಬಸ್ಸು ನಿಲ್ದಾಣ, ರೈಲು ನಿಲ್ದಾಣ, ವಾಹನ ಎಲ್ಲವೂ ಅವರ ಕೈಗೆಟುಕುವಂತೆ ಮಾಡಬೇಕು ಎನ್ನುತ್ತದೆ. ನಮ್ಮ ಬಸ್ಸಿನ ಮೊದಲ ಮೆಟ್ಟಿಲು ನೋಡಿ, ಮೊಣಕಾಲು ನೋವಿರುವ ಅಜ್ಜಿಗೂ ಅದು ಗುಡ್ಡವೇ. ಬಸ್ಸು ಬದಲಾಗುವುದು ನಮ್ಮ ಕೈಯಲ್ಲಿಲ್ಲ. ಆದರೆ ನಿಲ್ಲುವ ಜಾಗದಲ್ಲಿ ಎತ್ತರಿಸಿದ ಒಂದು ಕಟ್ಟೆ, ಮೇಲೊಂದು ನೆರಳು, ಒಂದು ದೀಪ ಮಾಡಿಸುವುದು ಪಂಚಾಯಿತಿಯಿಂದ ಆಗುವ ಕೆಲಸ. ಬಸ್ಸು ಕಟ್ಟೆಗೆ ಅಂಟಿಕೊಂಡು ನಿಂತರೆ ಮೆಟ್ಟಿಲು ಅಷ್ಟು ತಗ್ಗುತ್ತದೆ.

ಈಗ ನಾವು ಮಾಡಬೇಕಾದದ್ದು. ಆ್ಯಪ್ ಮಾಡಿಕೊಡುತ್ತೀರಾ ಎಂದು ನಿನ್ನೆ ಒಬ್ಬರು ಕೇಳಿದರು. ಬೇಡ. ನೂರು ಪುಟದ ನೋಟ್‌ಬುಕ್ ಸಾಕು. ಹದಿನೈದು ದಿನ, ಬೆಳಿಗ್ಗೆ ಏಳೂವರೆಯಿಂದ ಹತ್ತು, ಸಂಜೆ ನಾಲ್ಕರಿಂದ ಏಳೂವರೆ, ನಮ್ಮ ಕಡೆಯ ಒಂದೊಂದು ನಿಲುಗಡೆಯಲ್ಲೂ ಹಳೆಯ ವಿದ್ಯಾರ್ಥಿಯೊಬ್ಬರು ನಿಲ್ಲಬೇಕು. ಬರೆಯಬೇಕಾದದ್ದು ನಾಲ್ಕೇ: ಬಸ್ಸು ಎಷ್ಟು ಗಂಟೆಗೆ ಬಂತು, ನಿಂತಿತೋ ಇಲ್ಲವೋ, ಎಷ್ಟು ಜನ ಹತ್ತಿದರು, ಎಷ್ಟು ಜನ ಉಳಿದರು. ಜೊತೆಗೆ ಪ್ರತಿ ಹಳ್ಳಿಯಲ್ಲಿ ಹತ್ತನೆಯ ತರಗತಿ ಆದ ಮೇಲೆ ಓದು ಬಿಟ್ಟ ಹೆಣ್ಣುಮಕ್ಕಳ ಮನೆಗೆ ಹೋಗಿ ಕಾರಣ ಕೇಳಿ ಬರೆಯಬೇಕು. ಅದು ಮನೆಯಿಂದ ಹೊರಡದವರ ಲೆಕ್ಕ. "ನಮ್ಮೂರಿಗೆ ಬಸ್ಸು ಬಿಡಿ" ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ. "ಇಂಥ ನಿಲುಗಡೆಯಲ್ಲಿ ಇಂಥ ಹೊತ್ತಿಗೆ ಹದಿನೈದು ದಿನದಲ್ಲಿ ಇಷ್ಟು ಜನ ಉಳಿದರು" ಎಂಬ ಪಟ್ಟಿಗೆ ಗ್ರಾಮಸಭೆಯ ಠರಾವು ಸೇರಿಸಿ ಘಟಕ ವ್ಯವಸ್ಥಾಪಕರ ಮುಂದೆ ಇಟ್ಟರೆ, ಅವರಿಗೂ ಮೇಲಿನವರನ್ನು ಒಪ್ಪಿಸಲು ಒಂದು ಕಾಗದ ಸಿಗುತ್ತದೆ.

ಆ ಪಟ್ಟಿ ಬಂದಾಗ ಒಂದು ಸಂಗತಿ ಕಾಣುತ್ತದೆ ಎಂದು ನನ್ನ ನಂಬಿಕೆ. ಎಲ್ಲದಕ್ಕೂ ಹೊಸ ಬಸ್ಸು ಬೇಕಾಗುವುದಿಲ್ಲ. ಎಷ್ಟೋ ಕಡೆ ಹತ್ತು ನಿಮಿಷ ಹೊಂದಿಸಿದರೆ ಸಾಕು. ಅದೇನೂ ಸುಲಭವಲ್ಲ, ಒಂದೇ ಬಸ್ಸು ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ, ಒಂದು ಕಡೆ ಸರಿಸಿದರೆ ಇನ್ನೊಂದು ಕಡೆ ತಪ್ಪುತ್ತದೆ. ಆದರೆ ಅದಕ್ಕೆ ಡೀಸೆಲ್ ಬೇಕಿಲ್ಲ, ಕೂತು ಯೋಚಿಸುವವರು ಬೇಕು. ಗುರುಗಳಲ್ಲೂ ಒಂದು ವಿನಂತಿ. ವಿಶೇಷ ತರಗತಿ ಬಿಡುವ ಹೊತ್ತನ್ನು ಬಸ್ಸು ನೋಡಿ ಇಡಿ. ಬಸ್ಸನ್ನು ಸರಿಸುವುದಕ್ಕಿಂತ ಶಾಲೆಯ ಗಂಟೆ ಸರಿಸುವುದು ಸುಲಭ.

ಬಸ್ಸೇ ಬೇಕಾದ ಕಡೆಗೆ ದಾರಿಗಳಿವೆ. ಪಕ್ಕದ ಮಹಾರಾಷ್ಟ್ರದಲ್ಲಿ ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳು ಶಾಲೆಗೆ ಹೋಗಿ ಬರಲೆಂದೇ ಮಾನವ ವಿಕಾಸ ಯೋಜನೆಯ ನೀಲಿ ಬಸ್ಸುಗಳನ್ನು ಸಾರಿಗೆ ನಿಗಮಕ್ಕೆ ಕೊಟ್ಟಿದ್ದಾರೆ. ಶಾಲೆಯ ವೇಳೆಗೆ ತಕ್ಕಂತೆ ಅವು ಓಡುತ್ತವೆ. ನಮ್ಮಲ್ಲಿ 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ನಿಧಿ ಇದೆ. ಗಣಿಗಾರಿಕೆಯಿಂದ ತೊಂದರೆಗೆ ಒಳಗಾದ ಊರುಗಳ ಒಳಿತಿಗೆಂದೇ ಇರುವ ಹಣ ಅದು, ಶಿಕ್ಷಣ ಅದರ ಆದ್ಯತೆಯ ಬಾಬ್ತು. ಅದರಿಂದ ಶಾಲಾ ವೇಳೆಯ ಬಸ್ಸು ಓಡಿಸಲು ಆಗುತ್ತದೆಯೇ ಎಂದು ಲೆಕ್ಕ ಹಿಡಿದು ಕೇಳೋಣ. ಕೇಳುತ್ತಲೇ ಇರಬೇಕು. ಹೊಸಪೇಟೆ ಕೊಟ್ಟೂರು ಮಾರ್ಗದಲ್ಲಿ ನಿಂತುಹೋಗಿದ್ದ ಪ್ರಯಾಣಿಕರ ರೈಲಿಗಾಗಿ ಆ ಭಾಗದ ಜನ ವರ್ಷಾನುಗಟ್ಟಲೆ ಕೇಳಿದರು. 2019ರಲ್ಲಿ ರೈಲು ಬಂತು.

ಕೊನೆಯದಾಗಿ ನನ್ನದೇ ತಪ್ಪು. ನಿನ್ನೆ ನಾನು ಊರಿಗೆ ಬಂದದ್ದು ಕಾರಿನಲ್ಲಿ, ಒಬ್ಬನೇ. ಪಾಪಿನಾಯಕನಹಳ್ಳಿ ದಾಟಿದ ಮೇಲೆ ಬಿಸಿಲಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದವರನ್ನು ಕಂಡೆ. ನಿಲ್ಲಿಸಲಿಲ್ಲ. ಒಂದು ಕಾಲದಲ್ಲಿ ನಾನೂ ಅಲ್ಲೇ ಎಲ್ಲೋ ಹಾಗೇ ನಿಂತಿದ್ದವನು. ಗಾಡಿ ಬಂದ ಮೇಲೆ ಬಸ್ಸಿನ ಚಿಂತೆ ನಮ್ಮದಲ್ಲ ಅನ್ನಿಸಿಬಿಡುತ್ತದೆ, ಕೇಳುವ ಬಾಯಿ ಇರುವವರೆಲ್ಲ ಹೀಗೆ ಗಾಡಿ ಹತ್ತಿ ಹೋದೆವು.

ನೋಟ್‌ಬುಕ್ ತಂದಿದ್ದೇನೆ, ಇಲ್ಲೇ ಇದೆ. ನಾಳೆ ಸೋಮವಾರ. ಬೆಳಿಗ್ಗೆ ಏಳೂವರೆಗೆ ನಾನು ಆ ಗೆಳತಿಯ ಊರಿನ ನಿಲುಗಡೆಯಲ್ಲಿ ಇರುತ್ತೇನೆ. ಉಳಿದ ಹದಿನಾಲ್ಕು ದಿನಕ್ಕೆ ಹೆಸರು ಕೊಡುವವರು ಕಾರ್ಯಕ್ರಮ ಮುಗಿದ ಮೇಲೆ ಬೇವಿನ ಮರದ ಹತ್ತಿರ ಬನ್ನಿ. ಆ ಹುಡುಗಿಯ ಪಿಯುಸಿ ಶುರುವಾಗಲು ಇನ್ನು ಕೆಲವೇ ತಿಂಗಳಿವೆ.