ಗುಡ್ಡದ ಆಸರೆ, ಎರೆಯ ಊರುಗಳು



ಮಾನ್ವಿ ತಾಲ್ಲೂಕಿನ ಕುರ್ಡಿಯ ಸೀಮೆ ಎಡೆದೊರೆ ನಾಡಿನದು. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ಬಯಲಲ್ಲಿ ಎರೆಮಣ್ಣಿನ ಹೊಲಗಳ ಮಧ್ಯೆ ಅಲ್ಲಲ್ಲಿ ಬಂಡೆಗುಡ್ಡಗಳು ಎದ್ದು ನಿಂತಿವೆ. ಎತ್ತರದಲ್ಲಿ ಇವು ಮಲೆನಾಡಿನ ಬೆಟ್ಟಗಳಿಗೆ ಸಾಟಿಯಲ್ಲ. ಆದರೆ ಇಲ್ಲಿ ಊರು ಹುಟ್ಟಿದ್ದು ಹೇಗೆಂದು ತಿಳಿಯಬೇಕಾದರೆ ಮೊದಲು ಗುಡ್ಡವನ್ನೇ ನೋಡಬೇಕು.

ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿದು ಬುಡಕ್ಕೆ ಇಳಿಯುತ್ತದೆ. ಅಲ್ಲಿ ಹಳ್ಳ, ಬಾವಿ. ಅದರಾಚೆ ಜೋಳದ ಹೊಲ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಇಂಥ ಗುಡ್ಡಗಳ ನಡುವೆಯೇ ನೆಲೆಸಿದ್ದರು. ಬಂಡೆಯ ಮೇಲೆ ಡುಬ್ಬದ ಹೋರಿಗಳ ರೂಪ ಮೂಡಿಸಿದರು.

ಈ ಗುಡ್ಡಗಳಲ್ಲೆಲ್ಲ ಜಗತ್ತಿಗೆ ಪರಿಚಯವಾದದ್ದು ಮಸ್ಕಿಯದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿ ಬ್ರಾಹ್ಮಿ ಲಿಪಿಯ ಶಾಸನವೊಂದನ್ನು ಕಂಡರು. ಚಿನ್ನದ ಅದಿರು ಹುಡುಕುತ್ತ ಬಂದವರಿಗೆ ದೊರೆತದ್ದು ಚಕ್ರವರ್ತಿಯ ಹೆಸರು. ಅಲ್ಲಿಯವರೆಗೆ ಓದಿದ್ದ ಶಾಸನಗಳಲ್ಲಿ ಅರಸ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಕಾಣಿಸಿಕೊಳ್ಳುತ್ತಿದ್ದ. ಸಿಂಹಳದ ಗ್ರಂಥಗಳ ನೆರವಿನಿಂದ ಆತನೇ ಅಶೋಕನೆಂದು ವಿದ್ವಾಂಸರು ಹೇಳುತ್ತಿದ್ದರು. 'ಅಶೋಕ' ಎಂಬ ಹೆಸರನ್ನೇ ಕೊರೆದಿದ್ದ ಮಸ್ಕಿಯ ಬಂಡೆ ಆ ಮಾತನ್ನು ಗಟ್ಟಿ ಮಾಡಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳಲ್ಲಿಯೂ ಅದೇ ಹೆಸರು ಸಿಕ್ಕಿತು.

ಪಾಟಲಿಪುತ್ರದ ಮಾತು ಇಷ್ಟು ದೂರ ಬಂದದ್ದೇಕೆ? ಹತ್ತಿರದ ಹಟ್ಟಿಯಲ್ಲಿ ಪ್ರಾಚೀನ ಚಿನ್ನದ ಗಣಿಗಾರಿಕೆಯ ಕುರುಹುಗಳಿವೆ. 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನ, ಮಸ್ಕಿ ಶಾಸನಕ್ಕೂ ಬಹಳ ಹಿಂದಿನಿಂದ ಜನ ಬಾಳಿದ ನೆಲವೆಂದು ತೋರಿಸಿತು. ಖಾಲಿ ಕಾಡಿನಲ್ಲಿ ಯಾರೂ ಶಾಸನ ಬರೆಸುವುದಿಲ್ಲ. ಚಿನ್ನವಿತ್ತು, ದಾರಿಯಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಕೇಳುವ ಜನರಿದ್ದರು ಎಂಬುದು ನನ್ನ ನಂಬಿಕೆ.

ಕೇಳುವ ಜನ ಎಂದೇ ಹೇಳುತ್ತಿದ್ದೇನೆ. ಶಾಸನದ ಭಾಷೆ ಪ್ರಾಕೃತ. ಸುತ್ತಲಿನ ದನಗಾಹಿಗೆ, ರೈತನಿಗೆ ಅದನ್ನು ಯಾರೋ ಓದಿ, ಬಿಡಿಸಿ ಹೇಳಿರಬೇಕು. ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಅದರ ಫಲ ಪಡೆಯಬಲ್ಲರು ಎಂಬುದು ಅದರ ತಿರುಳು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕನ ಶಾಸನವಂತೂ, ಅಧಿಕಾರಿಯು ಭೇರಿ ಬಾರಿಸಿ ನಾಡಿನ ಜನರಿಗೆ ಇದನ್ನು ತಿಳಿಸಬೇಕೆಂದೇ ಹೇಳುತ್ತದೆ.