ಪುಕ್ಕಟೆ ದುಡಿದವರು, ಲಾಭ ಪಡೆದವರು

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಸಭೆ ಮುಗಿದು ಜಮಖಾನೆ ಸುತ್ತುತ್ತಿದ್ದಾಗ ನೂಲುವ ಖಾತೆಯ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿ ಒಂದು ಮಾತು ಕೇಳಿದರು. ಅವರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕಂಪನಿಯ ಕೆಲಸ ಮುಗಿದ ಮೇಲೆ ರಾತ್ರಿ ಮತ್ತೆ ಕೂತು, ಮುಖ ನೋಡದ ದೇಶಾಂತರದವರ ಜೊತೆ ಸೇರಿ, ಸಂಬಳವಿಲ್ಲದ ಕೆಲಸ ಮಾಡುತ್ತಾನಂತೆ. "ಮೇಷ್ಟ್ರೇ, ನಾವು ಎಂಟು ಗಂಟೆಯ ಪಾಳಿಗಾಗಿ ಹೋರಾಡಿದವರು. ಇವನು ಒಂಬತ್ತನೆಯ ಗಂಟೆಯನ್ನು ಪುಕ್ಕಟೆ ಕೊಡುತ್ತಾನೆ. ಇದು ಕೂಲಿ ಇಳಿಸುವ ಕೆಲಸವಲ್ಲವೇ?" ಎಂದರು. ಆವತ್ತು ನಾವು ಏನೋ ಹೇಳಿ ತಪ್ಪಿಸಿಕೊಂಡೆವು. ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಇವತ್ತಿನ ಮಾತು ಅದರ ಮೇಲೆಯೇ.

ಮೊದಲು ಆ ಕೆಲಸ ಎಂಥದೆಂದು ತಿಳಿಯಬೇಕು. ನೀವು ಫೋನಿನಲ್ಲಿ ರೈಲಿನ ವೇಳೆ ನೋಡುತ್ತೀರಿ, ಬ್ಯಾಂಕಿನ ಲೆಕ್ಕ ನೋಡುತ್ತೀರಿ. ಎಲ್ಲೋ ದೂರದಲ್ಲಿರುವ ಒಂದು ಯಂತ್ರ ನಿಮಗೆ ಉತ್ತರ ಕೊಡುತ್ತದೆ. ಅದಕ್ಕೆ ಸರ್ವರ್ ಎನ್ನುತ್ತಾರೆ. ಹೇಗೆ ಉತ್ತರ ಕೊಡಬೇಕೆಂದು ಅದಕ್ಕೆ ಹೇಳಿಕೊಡುವ ಬರಹವೇ ಸಾಫ್ಟ್‌ವೇರ್. ಕಂಪನಿಗಳು ಸಾಮಾನ್ಯವಾಗಿ ಈ ಬರಹವನ್ನು ಮುಚ್ಚಿಟ್ಟು, ಅದನ್ನು ಬಳಸುವ ಹಕ್ಕನ್ನು ಮಾತ್ರ ಮಾರುತ್ತವೆ. ಓಪನ್ ಸೋರ್ಸ್ ಎಂದರೆ ಆ ಬರಹವನ್ನೇ ಎಲ್ಲರ ಮುಂದೆ ಹರಡಿ ಇಡುವುದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು.

ಅಂತರ್ಜಾಲದ ಈ ಪುಟಗಳ ವ್ಯವಸ್ಥೆಯೇ ಹೀಗೆ ಬಂದದ್ದು. ಜಿನೀವಾದ ಸರ್ನ್ ಎಂಬ ಅಣುವಿಜ್ಞಾನ ಸಂಸ್ಥೆಯಲ್ಲಿ ನೌಕರಿಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷರು ಇದನ್ನು 1989ರಲ್ಲಿ ಯೋಚಿಸಿದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಅದನ್ನು ಸರ್ವರ ಸ್ವತ್ತೆಂದು ಬರೆದುಕೊಟ್ಟಿತು. ಸರ್ಕಾರಗಳ ಹಣದಿಂದ ನಡೆಯುವ ಸಂಸ್ಥೆ ಅದು, ಇದನ್ನು ಮರೆಯಬಾರದು. ಇಂದಿನ ಕುಬೇರರ ಅಂಗಡಿಗಳೆಲ್ಲ ಆ ಸಾರ್ವಜನಿಕ ನೆಲದ ಮೇಲೆಯೇ ಎದ್ದವು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಬ್ ಮೆಕೂಲ್ ಎಂಬ ತರುಣ ಒಂದು ಸರ್ವರ್ ಸಾಫ್ಟ್‌ವೇರ್ ಬರೆದಿದ್ದರು. 1994ರಲ್ಲಿ ಅವರು ಅಲ್ಲಿಂದ ಹೊರಟರು, ಕೆಲಸ ನಿಂತಿತು. ಅದನ್ನು ನೆಚ್ಚಿಕೊಂಡವರು ತಮ್ಮ ತಮ್ಮ ಊರಿನಲ್ಲೇ ಹರಿದ ಕಡೆ ತೇಪೆ ಹಾಕಿಕೊಳ್ಳುತ್ತಿದ್ದರು. 1995ರ ಫೆಬ್ರವರಿಯಲ್ಲಿ ಅಂಥ ಎಂಟು ಜನ ಟಪಾಲಿನ ಮೂಲಕವೇ, ಅಂದರೆ ಕಂಪ್ಯೂಟರ್ ಟಪಾಲಿನ ಮೂಲಕ, ಒಂದು ಗುಂಪು ಕಟ್ಟಿ ತೇಪೆಗಳನ್ನೆಲ್ಲ ಒಟ್ಟುಗೂಡಿಸಿದರು. ಬ್ರಯಾನ್ ಬೆಹ್ಲೆಂಡಾರ್ಫ್, ರಾಯ್ ಫೀಲ್ಡಿಂಗ್ ಅವರಲ್ಲಿ ಇಬ್ಬರು. ಏಪ್ರಿಲ್‌ನಲ್ಲಿ ಮೊದಲ ಪ್ರತಿ ಹೊರಬಂತು. ಅದರ ಹೆಸರು ಅಪಾಚೆ. ಗುಂಪು ಸೇರಿ ಒಂದು ವರ್ಷ ಕಳೆಯುತ್ತಿದ್ದಂತೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯ ಸರ್ವರ್ ಅದೇ ಆಯಿತು.

ಅವರಿಗೆ ಯಜಮಾನನಿರಲಿಲ್ಲ, ಮೇಸ್ತ್ರಿಯೂ ಇರಲಿಲ್ಲ. ಬದಲಾವಣೆ ಬೇಕೋ ಬೇಡವೋ ಎಂಬುದನ್ನು ಮತ ಹಾಕಿ ತೀರ್ಮಾನಿಸುತ್ತಿದ್ದರು. ಬರಹದ ವಿಷಯದಲ್ಲಿ ಒಬ್ಬ ಸದಸ್ಯ ಬೇಡವೆಂದರೂ ಅದು ನಿಲ್ಲುತ್ತಿತ್ತು, ಆದರೆ ಬೇಡವೆನ್ನುವವನು ಕಾರಣ ಹೇಳಬೇಕು. ನಮ್ಮ ಯೂನಿಯನ್ ಕಮಿಟಿಗಳಲ್ಲಿ ಕಾರಣ ಹೇಳದೆ ಬೇಡವೆನ್ನುವವರು ಎಷ್ಟು ಜನರಿದ್ದಾರೆಂದು ಇಲ್ಲಿ ಕೂತವರಿಗೆ ಗೊತ್ತಿದೆ. ಯಜಮಾನನಿಲ್ಲದೆ ಕೆಲಸ ನಡೆಯದು ಎಂದು ನಮಗೆ ಪಾಠ ಹೇಳುವವರು ಈ ಎಂಟು ಜನರನ್ನು ನೋಡಲಿ.

ಹಾಗಾದರೆ ಲಾಭ ಯಾರಿಗೆ ಹೋಯಿತು? 1998ರಲ್ಲಿ ಐಬಿಎಂ ಎಂಬ ದೈತ್ಯ ಕಂಪನಿ ತಾನು ಮಾರುವ ಸರಕಿನೊಳಗೆ ಅಪಾಚೆಯನ್ನು ಸೇರಿಸಿಕೊಂಡಿತು. ಅದು ತನ್ನ ಇಂಜಿನಿಯರುಗಳನ್ನೂ ಆ ಕೆಲಸಕ್ಕೆ ಬಿಟ್ಟುಕೊಟ್ಟಿತು, ನ್ಯಾಯವಾಗಿ ಇದನ್ನೂ ಹೇಳಬೇಕು. ಎಷ್ಟೋ ಕಂಪನಿಗಳು ಅಷ್ಟೂ ಮಾಡಲಿಲ್ಲ, ಮಾಡಬೇಕೆಂಬ ಕರಾರೂ ಇರಲಿಲ್ಲ. ರಿಚರ್ಡ್ ಸ್ಟಾಲ್‌ಮನ್ ಎಂಬ ಹಠವಾದಿ 1989ರಲ್ಲೇ ಬೇರೊಂದು ಕರಾರು ಬರೆದಿದ್ದರು. ತಿದ್ದಿ ಬೇರೆಯವರಿಗೆ ಹಂಚುವವನು ತಿದ್ದಿದ ಬರಹವನ್ನೂ ತೆರೆದಿಡಬೇಕು ಎಂದು ಅದರಲ್ಲಿತ್ತು. ಆದರೆ ಹಂಚದೆ, ತನ್ನ ಸರ್ವರಿನಲ್ಲೇ ಇಟ್ಟುಕೊಂಡು ವ್ಯಾಪಾರ ಮಾಡುವವನನ್ನು ಆ ಕರಾರು ಹಿಡಿಯಲಿಲ್ಲ. ಕಾಯಿದೆಯ ಸಂದಿಯಲ್ಲಿ ನುಸುಳುವುದರಲ್ಲಿ ಬಂಡವಳಗಾರರು ಯಾವ ದೇಶದಲ್ಲೂ ದಡ್ಡರಲ್ಲ.

ಇನ್ನು ಓಪನ್ ಎಸ್‌ಎಸ್‌ಎಲ್ ಎಂಬ ಬೀಗದ ಕಥೆ. ನೀವು ಗುಪ್ತ ಸಂಖ್ಯೆ ಒತ್ತಿದಾಗ ಅದು ದಾರಿಯಲ್ಲಿ ಕಳ್ಳರ ಕಣ್ಣಿಗೆ ಬೀಳಬಾರದಲ್ಲವೇ? ಅದಕ್ಕೊಂದು ಬೀಗ ಬೇಕು. ಎರಿಕ್ ಯಂಗ್, ಟಿಮ್ ಹಡ್ಸನ್ ಎಂಬ ಇಬ್ಬರು ಆಸ್ಟ್ರೇಲಿಯನ್ನರು ಬರೆದಿದ್ದನ್ನು ಮುಂದುವರಿಸಿ 1998ರಲ್ಲಿ ಈ ಬೀಗವನ್ನು ಕೆಲವರು ನಡೆಸಿಕೊಂಡು ಬಂದರು. ಬ್ಯಾಂಕು, ಸರ್ಕಾರ, ದೊಡ್ಡ ಕಂಪನಿ ಎಲ್ಲರ ಬಾಗಿಲಿಗೂ ಅದನ್ನು ಹಾಕಲಾಯಿತು.

2014ರ ಏಪ್ರಿಲ್ 7ರಂದು ಆ ಬೀಗದಲ್ಲಿ ಒಂದು ದೋಷವಿದೆಯೆಂದು ಬಯಲಾಯಿತು. ಅಂಗಡಿಯ ಬಂಧುಗಳಿಗೆ ಹೀಗೆ ಹೇಳಿದರೆ ತಿಳಿದೀತು. ಗಿರಾಕಿ ಒಬ್ಬ ಬಂದು ಒಂದು ಪಾವು ಬೇಳೆ ನಿಮ್ಮಲ್ಲಿಟ್ಟು, "ಅರವತ್ತನಾಲ್ಕು ಸೇರು ಇಟ್ಟಿದ್ದೇನೆ, ವಾಪಸು ಕೊಡಿ" ಎನ್ನುತ್ತಾನೆ. ನೀವು ತೂಕ ನೋಡದೆ ಅವನ ಪಾವಿಗೆ ನಿಮ್ಮ ಮೂಟೆಯಿಂದ ಉಳಿದದ್ದನ್ನು ಸುರಿದು ಅರವತ್ತನಾಲ್ಕು ಸೇರು ಕೊಟ್ಟು ಕಳಿಸುತ್ತೀರಿ. ಸರ್ವರ್ ಮಾಡಿದ್ದು ಇದನ್ನೇ. ಕೇಳಿದಷ್ಟು ಅಕ್ಷರಗಳನ್ನು, 64 ಕಿಲೋಬೈಟಿನವರೆಗೆ, ತನ್ನ ನೆನಪಿನಿಂದ ತೆಗೆದು ಕೊಡುತ್ತಿತ್ತು. ಅದರಲ್ಲಿ ಇತರರ ಗುಪ್ತ ಸಂಖ್ಯೆಗಳೂ ಇರಬಹುದಿತ್ತು. ಸುಮಾರು 5 ಲಕ್ಷ ಸರ್ವರುಗಳಲ್ಲಿ ಈ ದೋಷವಿತ್ತೆಂದು ಎಣಿಸಿದರು. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಗುರುತಿನ ಸಂಖ್ಯೆಗಳು ಕಳುವಾದವು.

ಪತ್ರಿಕೆಗಳು ತಪ್ಪು ಮಾಡಿದವನನ್ನು ಹುಡುಕಿದವು. ಜರ್ಮನಿಯ ಒಬ್ಬ ಸಂಶೋಧಕ ವಿದ್ಯಾರ್ಥಿ ಬರೆದ ಸಾಲುಗಳು ಅವು. ಸ್ಟೀಫನ್ ಹೆನ್ಸನ್ ಎಂಬವರು ಪರೀಕ್ಷಿಸಿ ಸೇರಿಸಿಕೊಂಡಿದ್ದು 2011ರ ಡಿಸೆಂಬರ್ 31ರಂದು. ಊರೆಲ್ಲ ಹೊಸ ವರ್ಷದ ಸಂಭ್ರಮದಲ್ಲಿದ್ದಾಗ ಕೆಲಸದಲ್ಲಿದ್ದವರು ಇವರು! ಆಮೇಲೆ ಹೊರಬಂದ ಲೆಕ್ಕ ನಮ್ಮ ಎದೆಗೆ ನಾಟುವಂಥದು. ಆ ಬೀಗಕ್ಕೆ ಪೂರ್ಣಕಾಲ ದುಡಿಯುತ್ತಿದ್ದವರು ಹೆನ್ಸನ್ ಒಬ್ಬರೇ. ಹಣದ ವ್ಯವಹಾರ ನೋಡುತ್ತಿದ್ದ ಸ್ಟೀವ್ ಮಾರ್ಕೆಸ್ ಹೇಳಿದ ಪ್ರಕಾರ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಅನಾಹುತ ಆದ ಮೇಲೆ ಜನ ಐದು ಹತ್ತು ಡಾಲರಿನಂತೆ ಕಳಿಸಿದ್ದು ಒಟ್ಟು ಸುಮಾರು 9,000. ಅದೇ ತಿಂಗಳ ಕೊನೆಗೆ ದೊಡ್ಡ ಕಂಪನಿಗಳು ಹನ್ನೆರಡು ಹದಿಮೂರು ಸೇರಿ ತಲಾ ವರ್ಷಕ್ಕೆ 1 ಲಕ್ಷ ಡಾಲರ್ ಮೂರು ವರ್ಷ ಕೊಡುವುದಾಗಿ ಮುಂದೆ ಬಂದವು. ಬಾಯ್ಲರ್ ಸಿಡಿದ ಮೇಲೆ ಫಿಟ್ಟರನ್ನು ನೇಮಿಸುವ ಮಾಲೀಕರನ್ನು ನಾವು ನೋಡಿಲ್ಲವೇ?

ಮತ್ತೆ ಹತ್ತು ವರ್ಷಕ್ಕೆ, 2024ರ ಮಾರ್ಚ್‌ನಲ್ಲಿ, ಇನ್ನೊಂದು ನಡೆಯಿತು. ಕಡತಗಳನ್ನು ಚಿಕ್ಕದಾಗಿ ಮಡಿಸಿಡುವ ಎಕ್ಸ್‌ಜೆಡ್ ಎಂಬ ಉಪಕರಣ ಅಸಂಖ್ಯ ಸರ್ವರುಗಳಲ್ಲಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ. ಇದು ಸಂಬಳವಿಲ್ಲದ ಹವ್ಯಾಸ, ಆರೋಗ್ಯವೂ ಸರಿಯಿಲ್ಲ ಎಂದು ಅವರು ಬಹಿರಂಗವಾಗಿಯೇ ಬರೆದಿದ್ದರು. ಅವರನ್ನು ಕೆಲವರು ಪೀಡಿಸಿದರು, ಒಬ್ಬ ಸಹಾಯಕ್ಕೆಂದು ಬಂದ. ಎರಡು ವರ್ಷ ನಂಬಿಕೆ ಗಳಿಸಿ, ಸುಳ್ಳು ಹೆಸರಿನ ಆ ಸಹಾಯಕ ಒಳಗೆ ಕಳ್ಳಬಾಗಿಲು ಕೊರೆದಿಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಯಂತ್ರದೊಳಗೆ ಹೋಗುವುದಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದುದರಿಂದ ಅದು ಸಿಕ್ಕಿಬಿತ್ತು. ಮಗ್ಗದ ಸದ್ದು ಬದಲಾದುದನ್ನು ಕಿವಿಯಿಂದಲೇ ಹಿಡಿಯುವ ನೇಯ್ಗೆಯವರಿಗೆ ಈ ಮನುಷ್ಯ ಅಪರಿಚಿತನಲ್ಲ.

ನಮ್ಮ ಹಳ್ಳಿಗಳಲ್ಲಿ ಕೆರೆ ಎಲ್ಲರದಾಗಿತ್ತು. ತೂಬು ಎತ್ತಿ ಇಳಿಸಿ ನೀರು ಹಂಚುವವನು ನೀರುಗಂಟಿ. ಕೆರೆ ಎಲ್ಲರದು, ಆದ್ದರಿಂದ ನೀರುಗಂಟಿ ಉಪವಾಸವಿರಲಿ ಎಂದು ಯಾರೂ ಹೇಳಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಧಾನ್ಯ ಅಳೆದು ಹೋಗುತ್ತಿತ್ತು. ಅದು ದಾನವಲ್ಲ, ವಾಡಿಕೆಯ ಹಕ್ಕು. ಜಾತಿಯ ಕಟ್ಟು ಅದರಲ್ಲಿತ್ತು, ಅದನ್ನು ನಾವು ಹೊಗಳುವುದಿಲ್ಲ. ಆದರೆ ನೀರು ಕುಡಿದ ಪ್ರತಿ ಗದ್ದೆಯೂ ಪಾಲು ಕೊಡಬೇಕೆಂಬ ಲೆಕ್ಕ ಸರಿಯಾಗಿತ್ತು.

ಜರ್ಮನಿಯ ಸರ್ಕಾರ 2022ರಲ್ಲಿ ಇಂಥವರಿಗೆ ಹಣ ಕೊಡಲು ಒಂದು ನಿಧಿ ತೆರೆಯಿತು. ಬೆಂಗಳೂರಿನ ಜೆರೋಧಾ ಎಂಬ ಶೇರು ದಲ್ಲಾಳಿ ಕಂಪನಿ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡುವುದಾಗಿ ಹೇಳಿತು. ಶೇರುಪೇಟೆಯ ಹಣವೆಂದು ನಾವು ಮೂಗು ಮುರಿಯುವುದಿಲ್ಲ, ಕೊಟ್ಟದ್ದು ಒಳ್ಳೆಯದೇ. ಆದರೆ ಕೊಡುವವನ ಮನಸ್ಸು ನಾಳೆ ಬದಲಾದೀತು. ನಮ್ಮ ಕೇಂದ್ರ ಸರ್ಕಾರ 2015ರಲ್ಲಿ ಕಚೇರಿಗಳಲ್ಲಿ ಓಪನ್ ಸೋರ್ಸಿಗೇ ಆದ್ಯತೆ ಎಂದು ನೀತಿ ಮಾಡಿತು. ಬಳಸುವ ಪ್ರತಿ ಕಚೇರಿ, ಪ್ರತಿ ಬ್ಯಾಂಕು ತನ್ನ ಖರ್ಚಿನ ಪಟ್ಟಿಯಲ್ಲಿ ಬಾಡಿಗೆ, ವಿದ್ಯುತ್ತು ಎಂದು ಬರೆಯುವಂತೆ ದುರಸ್ತಿಯವರ ಪಾಲು ಎಂದೂ ಒಂದು ಸಾಲು ಬರೆಯಲಿ ಎಂಬುದು ನಮ್ಮ ಬೇಡಿಕೆ.

ಆ ಹಿರಿಯರು ಇವತ್ತೂ ಪಾಳಿ ಮುಗಿಸಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅಣ್ಣಾ, ನಿಮ್ಮ ಮಗ ನಿಮ್ಮ ಕೂಲಿ ಇಳಿಸುತ್ತಿಲ್ಲ. ಅವನು ಕೆರೆ ಕಟ್ಟುತ್ತಿದ್ದಾನೆ, ಕಟ್ಟಲಿ. ಆದರೆ ತಾನೂ ತನ್ನ ಜೊತೆಯವರೂ ತೂಬು ಕಾಯುವ ಕೂಲಿಯನ್ನು ಒಟ್ಟಾಗಿ ಕೇಳುತ್ತಾರೋ ಇಲ್ಲವೋ ಎಂದು ಅವನನ್ನು ಕೇಳಿ ನೋಡಿ. ಮುಂದಿನ ಸಲ ಊರಿಗೆ ಬಂದಾಗ ಅವನನ್ನೇ ಇಲ್ಲಿಗೆ ಕರೆದುಕೊಂಡು ಬನ್ನಿ. ನಾವು ಹೇಳಿದ್ದರಲ್ಲಿ ತಪ್ಪಿದ್ದರೆ ಅವನೇ ತಿದ್ದಲಿ.