ಎಲಚಿ ಮರದ ತೊಗಟೆ ಮತ್ತು ಚರ್ಮದ ಕ್ಯಾನ್ಸರ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಆದರೆ ನಮ್ಮ ಸೋದರಮಾವನವರ ಅಂಗಾಲಿನಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಾಗ ಅನೇಕರು ಕೇಳಿದ್ದು ಒಂದೇ ಮಾತು: "ಆಪರೇಷನ್ ಯಾಕಪ್ಪಾ, ಇದಕ್ಕೆ ಗಿಡಮೂಲಿಕೆ ಇಲ್ಲವಾ?" ಅವರು ಆಪರೇಷನ್ ಮಾಡಿಸಿಕೊಂಡರು. ಆ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಅದಕ್ಕಾಗಿ ಓದಿ ತಿಳಿದದ್ದನ್ನು ಹೇಳುತ್ತೇನೆ.

ಪ್ರಶ್ನೆ ತಪ್ಪಲ್ಲ. ಹೊಲದ ಬದುವಿನ ಎಲಚಿ ಮರ, ಅಂದರೆ ಬೋರೆ ಹಣ್ಣಿನ ಮರ, ನಮಗೆಲ್ಲ ಗೊತ್ತು. 1995ರಲ್ಲಿ ಅಮೆರಿಕದ ಶಿಕಾಗೋದ ವಿಜ್ಞಾನಿಗಳು ಇದೇ ಮರದ ತೊಗಟೆಯಿಂದ ಬೆಟ್ಯುಲಿನಿಕ್ ಆಮ್ಲ ಎಂಬ ವಸ್ತುವನ್ನು ಬೇರ್ಪಡಿಸಿ, ಅದು ಮೆಲನೋಮದ ಕೋಶಗಳನ್ನು ಕೊಲ್ಲುತ್ತದೆ ಎಂದು ತೋರಿಸಿದರು.

ನಮ್ಮ ಜೀವಕೋಶಗಳಲ್ಲಿ, ಕೆಟ್ಟುಹೋದರೆ ತಾವಾಗಿಯೇ ಸಾಯುವ ಒಂದು ಏರ್ಪಾಡು ಇದೆ. ಕ್ಯಾನ್ಸರ್ ಕೋಶ ಅದನ್ನು ಅಡಗಿಸಿಟ್ಟು ಬದುಕುತ್ತದೆ. ಮೆಲನೋಮ ಕೀಮೋಥೆರಪಿಗೂ ವಿಕಿರಣಕ್ಕೂ ಸುಲಭವಾಗಿ ಬಗ್ಗದಿರಲು ಇದೂ ಒಂದು ಕಾರಣ. ಬೆಟ್ಯುಲಿನಿಕ್ ಆಮ್ಲ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಮೇಲೆ ನೇರವಾಗಿ ಕೆಲಸ ಮಾಡಿ ಆ ಏರ್ಪಾಡನ್ನು ಮತ್ತೆ ಎಬ್ಬಿಸುತ್ತದೆ. ಪ್ರಯೋಗಾಲಯದಲ್ಲಿ ವಿಕಿರಣದ ಜೊತೆಗೆ ಕೊಟ್ಟಾಗ ಪರಿಣಾಮ ಇನ್ನೂ ಹೆಚ್ಚಿತು. ಅರಿಶಿನದ ಕರ್ಕ್ಯುಮಿನ್ ಮೇಲೂ ಇಂಥ ಪ್ರಯೋಗಗಳು ನಡೆದಿವೆ.

ಹಾಗಾದರೆ ತೊಗಟೆಯ ಕಷಾಯ ಕುಡಿಯೋಣವೇ? ಬೇಡ. ಗಾಜಿನ ತಟ್ಟೆಯ ಕೋಶ ಬೇರೆ, ಮನುಷ್ಯನ ದೇಹ ಬೇರೆ. ಈ ಎರಡೂ ವಸ್ತುಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ತಿಂದ ಕರ್ಕ್ಯುಮಿನ್ ರಕ್ತ ಸೇರುವುದು ಅತ್ಯಲ್ಪ. ಬೆಟ್ಯುಲಿನಿಕ್ ಆಮ್ಲ ಇನ್ನೂ ಮೆಲನೋಮದ ಔಷಧಿಯಾಗಿ ಬಳಕೆಗೆ ಬಂದಿಲ್ಲ. ಗಿಡದಿಂದ ಮದ್ದು ಆಗುವುದೇ ಇಲ್ಲ ಎಂದಲ್ಲ. ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮದ್ದು. ಆದರೆ ಅದು ಶುದ್ಧ ಮಾಡಿ, ಅಳೆದು, ರಕ್ತನಾಳಕ್ಕೆ ಕೊಡುವ ಮದ್ದು. ಅದೇ ಗಿಡದ ಎಲೆ ತಿಂದರೆ ವಿಷ.

ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಮೆಲನೋಮ ನಮ್ಮ ದೇಶದಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಬರಿಗಾಲಲ್ಲಿ ದುಡಿಯುವ ನಾವು ಮುಳ್ಳು ಚುಚ್ಚಿರಬೇಕು ಎಂದು ಸುಮ್ಮನಾಗುತ್ತೇವೆ. ದೊಡ್ಡದಾಗುವ, ಬಣ್ಣ ಬದಲಾಗುವ ಮಚ್ಚೆ ಅಥವಾ ಮಾಯದ ಹುಣ್ಣು ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಚಿಕಿತ್ಸೆಯ ನಡುವೆ ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಕೆಲವು ಮೂಲಿಕೆಗಳು ಚಿಕಿತ್ಸೆಗೇ ಅಡ್ಡಿಯಾಗುತ್ತವೆ.

ವಿದ್ಯಾರ್ಥಿಗಳೇ, ತೊಗಟೆಯಿಂದ ಮದ್ದಿನವರೆಗಿನ ದಾರಿ ಇನ್ನೂ ಬಾಕಿ ಇದೆ. ಅದನ್ನು ನಡೆಯುವವರು ನಿಮ್ಮಲ್ಲೂ ಇರಲಿ. ನಮಗೆ ವಿಜ್ಞಾನ ಕಲಿಸಿದ ಈ ಶಾಲೆ ನೂರು ತುಂಬಲಿ.